ಉಂಗುರದ ಆಚೆ

“ಸೊನ್ನೆ ಯಾಕೆ ಸರ್?”

ಹುಡುಗಿ ತನ್ನ ಗಣಿತದ ಉತ್ತರಪತ್ರಿಕೆಯ ಜೆರಾಕ್ಸನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಬಡಿದಳು ಅನ್ನಬೇಕು. ಮುಚ್ಚಳವಿಲ್ಲದ ಕೆಂಪು ಪೆನ್ನು ಉರುಳಿ ನೆಲಕ್ಕೆ ಬಿತ್ತು. ಆರನೆಯ ಪ್ರಶ್ನೆಯ ಉತ್ತರಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು, ಅಂಚಿನಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಸೊನ್ನೆ. ಎಂಟು ಅಂಕದ ಪ್ರಶ್ನೆ ಅದು. ಅವಳು ಫೇಲಾಗಿದ್ದದ್ದು ಆರು ಅಂಕ ಕಡಿಮೆ ಬಿದ್ದು. ಸೋಮವಾರದೊಳಗೆ ಪಾಸಾದ ಅಂಕಪಟ್ಟಿ ತೋರಿಸದಿದ್ದರೆ ಮುಂದಿನ ಓದಿಗೆ ಸಿಕ್ಕಿದ್ದ ಸೀಟು ಬೇರೆಯವರ ಪಾಲು.

ಮೇಷ್ಟ್ರು ನಿಧಾನವಾಗಿ ಬಗ್ಗಿ ಪೆನ್ನು ಎತ್ತಿಕೊಂಡರು. ಹುಡುಗರ ಬಾಯಲ್ಲಿ ಅವರು ಉಂಗುರ ಮೇಷ್ಟ್ರು. ಬೋರ್ಡಿನ ಮೇಲೆ ಒಂದರೊಳಗೊಂದು ಎರಡು ವೃತ್ತ ಎಳೆದು, ನಡುವಿನ ಉಂಗುರಕ್ಕೆ ಸೀಮೆಸುಣ್ಣ ಬಳಿದು, “ಫಂಕ್ಷನ್ ಒಂದೇ ಆದ್ರೂ ಚಿಕ್ಕ ವೃತ್ತದೊಳಗೆ ಅದಕ್ಕೆ ಪದಪದವಾಗಿ ಕೂಡ್ತಾ ಹೋಗೋ ಒಂದು ಶ್ರೇಣಿ, ಉಂಗುರದಲ್ಲಿ ಇನ್ನೊಂದು, ಆಚೆ ಮತ್ತೊಂದು. ಪರೀಕ್ಷೆಗೆ ಬರೋದು ಉಂಗುರದ್ದು. ಅದನ್ನ ಬಾಯಿಪಾಠ ಮಾಡ್ಕೊಳ್ಳಿ, ಸಾಕು” ಎಂದು ಇಪ್ಪತ್ತಾರು ವರ್ಷದಿಂದ ಹೇಳಿಕೊಂಡು ಬಂದವರು. ಅದೇ ಬರುತ್ತಲೂ ಇತ್ತು. ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದವರೂ ಅವರೇ. ಈ ವರ್ಷ ಮಾತ್ರ ಬೇರೆ ಯಾರೋ ತೆಗೆದಿದ್ದರು.

“ಕೊನೇ ಸಾಲು ತಪ್ಪು. ಕೀ ಉತ್ತರದಲ್ಲಿ ಹಾಗಿಲ್ಲ,” ಎಂದರು ಮೇಷ್ಟ್ರು.

“ಕೀ ಉತ್ತರ ಬರೆದೋರು ಯಾರು ಸರ್?”

“ನಾನೇ.”

“ಪ್ರಶ್ನೆ ಓದಿ ಬರೆದ್ರಾ?”

ಪಕ್ಕದ ಮೇಜಿನಲ್ಲಿ ಪತ್ರಿಕೆ ತಿದ್ದುತ್ತಿದ್ದ ಕಿರಿಯ ಮೇಡಂ ಅವರ ಪೆನ್ನು ನಿಂತಿತು.

“ನಾಲಿಗೆ ಹಿಡಿತದಲ್ಲಿರಲಿ. ನೀನು ಹುಟ್ಟೋಕೆ ಮುಂಚಿನಿಂದ ಈ ಲೆಕ್ಕ ಮಾಡ್ತಿದೀನಿ.”

“ತೊಂದ್ರೆ ಆಗಿರೋದೇ ಅದು ಸರ್. ಪ್ರಶ್ನೆ ಓದಿ. ‘ದೊಡ್ಡ ವೃತ್ತದ ಆಚೆ’ ಅಂತ ಇದೆ. ತ್ರಿಜ್ಯ ಎರಡು, ಅದರಾಚೆ. ನೀವು ಅಭ್ಯಾಸಬಲದಲ್ಲಿ ಉಂಗುರದ ಉತ್ತರ ಇಟ್ಕೊಂಡು, ಸರಿಯಾಗಿ ಬರೆದೋರನ್ನೆಲ್ಲ ಹೊಡೆದುಹಾಕಿದೀರಿ.”

“ಫಂಕ್ಷನ್ ಅದೇ ಅಲ್ವೇನಮ್ಮಾ?” ಮೇಷ್ಟ್ರು ಇನ್ನೂ ಪ್ರಶ್ನೆಯ ಕಡೆ ನೋಡಿರಲಿಲ್ಲ.

ಹುಡುಗಿಯ ಕಿವಿ ಕೆಂಪಾದವು. “ನಮ್ಮಜ್ಜಿ ಕಥೇಲಿ ಒಬ್ಬ ರಾಜಕುಮಾರ ಇದ್ದ. ಮೂರು ಕೋಣೆಗೂ ಒಂದೇ ಬೀಗದಕೈ ತಿರುವ್ತಾನೆ, ತೆಗೀದೇ ಇದ್ರೆ ಬಾಗಿಲಿಗೇ ಒದೀತಾನೆ. ನಗ್ತಾ ಕೇಳ್ತಿದ್ದೆ ನಾನು. ಒದೆ ತಿನ್ನೋ ಬಾಗಿಲು ನಾನೇ ಆಗ್ತೀನಿ ಅಂತ ಗೊತ್ತಿರಲಿಲ್ಲ. ಮೂರು ಅಂತ ಇಟ್ಕೊಂಡು ನಿಮ್ಮ ಶ್ರೇಣೀನ ನೀವೇ ಕೂಡಿ ಸರ್. ಮೂರು ಇರೋದು ಎರಡರಾಚೆ. ಫಂಕ್ಷನ್ನಿನ ಬೆಲೆ ಅಲ್ಲಿ ಅರ್ಧ. ನಿಮ್ಮದರಲ್ಲಿ ಅರ್ಧ ಬಂದ್ರೆ ಈ ಸೊನ್ನೆಗೆ ಕಟ್ಟು ಹಾಕಿಸಿ ಗೋಡೆಗೆ ತಗಲಿಸ್ಕೋತೀನಿ.”

ಕಿರಿಯ ಮೇಡಂ ತಮ್ಮ ಕ್ಯಾಲ್ಕುಲೇಟರನ್ನು ಮೇಷ್ಟ್ರ ಕಡೆ ಸರಿಸಿದರು.

ಹಟಕ್ಕೆ ಬಿದ್ದು ಮೇಷ್ಟ್ರು ಕೂಡತೊಡಗಿದರು. ಮೂರು ಪದ ಮುಗಿಯುವಷ್ಟರಲ್ಲಿ ಮೈನಸ್ ಎರಡು ದಾಟಿತ್ತು. ಐದಕ್ಕೆ ಮೈನಸ್ ಏಳರ ಹತ್ತಿರ. ಹತ್ತಕ್ಕೆ ಮೈನಸ್ ಐವತ್ತಾರನ್ನೂ ದಾಟಿ, ತಳವಿಲ್ಲದ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತಲೇ ಇತ್ತು. ಅವರ ಬೆರಳು ನಿಂತಿತು. ಆಗ ಪ್ರಶ್ನೆ ಓದಿದರು. ಎರಡು ಸಲ ಓದಿದರು.

“ಈ ಹುಡುಗಿ ಬರೆದದ್ದು ಅರ್ಧದ ಕಡೆಗೇ ಹೋಗ್ತಿದೆ ಸರ್,” ಎಂದರು ಕಿರಿಯ ಮೇಡಂ, ಒಂದು ಹಾಳೆಯ ಮೇಲೆ ಕೂಡಿ ನೋಡಿ.

“ನಿಮ್ಮನ್ನ ಕೇಳಿದ್ನಾ?” ಎಂದು ಗದರಿ ಮೇಷ್ಟ್ರು ಎದ್ದರು. ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಮರಳಿ ಬಂದಾಗ ದನಿಗೆ ಬೆಣ್ಣೆ ಹಚ್ಚಿಕೊಂಡಿದ್ದರು. “ಕೂತ್ಕೋಮ್ಮ. ಬಂದಾಗಿನಿಂದ ನಿಂತೇ ಇದೀಯ.”

ಅವಳು ಕೂರಲಿಲ್ಲ.

“ನೋಡು, ಕೂಡೋದರಲ್ಲಿ ತಪ್ಪಾಗಿತ್ತು, ಎಂಟು ಅಂಕ ಬಿಟ್ಟುಹೋಗಿತ್ತು ಅಂತ ಚೀಟಿ ಬರೀತೀನಿ. ಸಂಜೆಯೊಳಗೆ ನೀನು ಪಾಸು.”

“ಮಿಕ್ಕೋರು?”

“ಅವರೇನು ಬಂದು ಕೇಳಿದಾರಾ? ಅಳೋ ಮಗೂಗೆ ತಾನೇ ಹಾಲು? ಎಲ್ಲರದ್ದೂ ತೆಗೆಸ್ತೀನಿ ಅಂತ ಹೊರಟ್ರೆ ಕಮಿಟಿ, ವಿಚಾರಣೆ, ಎರಡು ತಿಂಗಳು. ನಿನ್ನ ಸೀಟು ಅಲ್ಲೀತನಕ ಕಾಯುತ್ತಾ?” ಅವರ ಪೆನ್ನು ಆಗಲೇ ಓಡುತ್ತಿತ್ತು. ಸಹಿ ಹಾಕಿ ಚೀಟಿಯನ್ನು ಮುಂದೆ ಚಾಚಿದರು. “ಒಂದೇ ಮಾತು. ಇದು ಈ ಬಾಗಿಲ ಆಚೆ ಹೋಗಬಾರದು.”

ಹುಡುಗಿಯ ಕೈ ಚೀಟಿಯ ತನಕ ಹೋಯಿತು. ದುಂಡಗಿನ ಎಂಟು, ಕೆಳಗೆ ಸಹಿ. ಶಾಯಿ ಇನ್ನೂ ಆರಿರಲಿಲ್ಲ. ಚೀಟಿಯ ಹಿಂದೆಯೇ ಮೇಷ್ಟ್ರು ತಿದ್ದಿಟ್ಟ ಪತ್ರಿಕೆಗಳ ಕಟ್ಟು ಬಿಚ್ಚಿ ಬಿದ್ದಿತ್ತು. ಮೇಲಿನ ಹಾಳೆಯಲ್ಲಿ ಅವಳದೇ ಶ್ರೇಣಿ, ಸಾಲಿಗೆ ಸಾಲು ಅದೇ. ಅಕ್ಷರ ಮಾತ್ರ ಬೇರೆಯವರದು, ಎಡಕ್ಕೆ ವಾಲಿದ ಪುಟ್ಟ ಅಕ್ಷರ. ಅದರ ಮೇಲೂ ಮೂಲೆಯಿಂದ ಮೂಲೆಗೆ ಗೀಟು, ಅಂಚಿನಲ್ಲಿ ಅದೇ ಮೊಟ್ಟೆ.

ಅವಳು ಚೀಟಿಯನ್ನು ಬಿಟ್ಟು ತನ್ನ ಜೆರಾಕ್ಸನ್ನು ಎತ್ತಿಕೊಂಡಳು. ಬಾಗಿಲವರೆಗೆ ಹೋಗಿ, ಚಿಲಕ ಎಳೆದು, ತಿರುಗಿದಳು.

“ನನಗೆ ಕೇಳಿರೋ ಪ್ರಶ್ನೇನೇ ಆಚೇದು, ಸರ್.”