ಕಾರಿನ ಕೆಳಗಿನ ಒಣ ನೆಲ

ನೀರು ಮತ್ತೆ ಇಳಿದಿತ್ತು.

ಕನ್ನಡಕದವನು ಬಾನೆಟ್ ಎತ್ತಿ ಹಿಡಿದುಕೊಂಡೇ ನಿಂತ. ಇಂಜಿನ್ ತಣ್ಣಗಿಡಲೆಂದು ನಿನ್ನೆ ಗೆರೆ ಮುಟ್ಟುವಷ್ಟು ತುಂಬಿಸಿದ್ದ ಹಸಿರು ಕೂಲಂಟ್ ಇಂದು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಬಗ್ಗಿ ಕಾರಿನ ಕೆಳಗೆ ಕೈಯಾಡಿಸಿದ. ಒಂದು ತೊಟ್ಟೂ ಇಲ್ಲ. ಸುತ್ತಲೆಲ್ಲ ಧೂಳು, ಇಂಜಿನ್ನಿನ ಕೆಳಗೆ ಮಾತ್ರ ಯಾರೋ ಒರೆಸಿಟ್ಟಂತೆ ನೆಲ ಚೊಕ್ಕಟವಾಗಿತ್ತು. ಕದಿಯುತ್ತಿದ್ದಾರೆಯೇ ಎಂದುಕೊಂಡ. ಕದಿಯಲು ಅದೇನು ಚಿನ್ನವೇ ಎಂದು ತಾನೇ ನಕ್ಕ.

ಕಾರಿನಡಿಯಿಂದ ಸಾಹೇಬ ಮೈ ಮುರಿಯುತ್ತ ಹೊರಬಂತು. ಅದೊಂದು ಬೀದಿನಾಯಿ. ಬರುವುದು ಹೋಗುವುದು ಎಲ್ಲ ತನ್ನ ಮರ್ಜಿಯಂತೆ ಆದ್ದರಿಂದ ಆ ಹೆಸರು. ಸಂಜೆ ಕಾರು ಬಂದು ನಿಂತದ್ದೇ ತಡ, ಬಿಸಿ ಇಂಜಿನ್ನಿನ ಕೆಳಗೆ ನುಸುಳಿ ಸುರುಳಿ ಸುತ್ತಿಕೊಂಡು ಮಲಗಿಬಿಡುತ್ತಿತ್ತು.

"ಎದ್ರಾ ಸಾಹೇಬ್ರೆ? ನಿದ್ದೆ ಆಯ್ತಾ?"

ವ್ಯಾಪಾರದ ಮಾತು ಬಿಟ್ಟರೆ ಇಡೀ ದಿನದಲ್ಲಿ ಅವನು ಆಡುತ್ತಿದ್ದ ಮಾತು ಅಷ್ಟೇ. ಕನ್ನಡಕದ ಫ್ರೇಮುಗಳನ್ನು ಕಾರಿನಲ್ಲಿ ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವ ಕೆಲಸ. ಹೆಂಡತಿ ಬಿಟ್ಟುಹೋದ ಮೇಲೆ ಮನೆಗೆ ಬಂದರೆ ಗೋಡೆಗಳೇ ಗತಿ. ಬೆಳಿಗ್ಗೆ ಎದ್ದರೆ ಕಾರಿಗೆ ಕೂಲಂಟ್, ಸಾಹೇಬನಿಗೆ ಬ್ರೆಡ್. ಎರಡನ್ನೂ ಒಂದೇ ಅಕ್ಕರೆಯಿಂದ ಮಾಡುತ್ತಿದ್ದ.

ಮೇಲಿನ ಮನೆಯಲ್ಲಿ ಟ್ಯೂಷನ್ ಟೀಚರ್ ಇದ್ದಳು. ಅವಳೂ ಒಂಟಿ. ಸಾಹೇಬನ ಬೊಗಳಾಟ ತಡೆಯಲಾರದೆ ಒಮ್ಮೆ ಮೆಟ್ಟಿಲ ಮೇಲಿಂದಲೇ ಕೂಗಿದ್ದಳು: "ಇದಕ್ಕೊಂದು ಗತಿ ಕಾಣಿಸ್ತೀನಿ, ನೋಡ್ತಾ ಇರಿ!" ಈಚೆಗೆ ಅದೇನೋ ಮೆತ್ತಗಾಗಿದ್ದಳು. "ನಿಮ್ಮ ಸಾಹೇಬ್ರು ಹೇಗಿದಾರೆ?" ಎಂದು ಕೇಳುತ್ತಿದ್ದಳು. ಆ ಒಂದು ಪ್ರಶ್ನೆಯನ್ನು ಅವನು ದಿನವಿಡೀ ಮನಸ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಉತ್ತರವನ್ನು ಮೊದಲೇ ಹೊಂದಿಸಿಟ್ಟುಕೊಳ್ಳುತ್ತಿದ್ದನೆಂದರೆ ನಗಬಾರದು.

ಕಾರನ್ನು ಮೇಸ್ತ್ರಿಯ ಬಳಿಗೆ ಒಯ್ದ. ಮೇಸ್ತ್ರಿ ಗಾಳಿ ಪಂಪು ಹಚ್ಚಿ ರೇಡಿಯೇಟರಿಗೆ ಒತ್ತಡ ಕೊಟ್ಟು ನೋಡಿದ. ಒತ್ತಡ ತೋರಿಸುವ ಮುಳ್ಳು ಇಳಿಯಲಿಲ್ಲ.

"ಇದರಲ್ಲಿ ಇರೋ ನೀರೇ ಸುತ್ತಾಡೋದು ಸ್ವಾಮಿ. ಇಂಜಿನ್ನಿನ ಬಿಸಿ ಹೊತ್ಕೊಂಡು ಈ ಸಣ್ಣ ಕೊಳವೆಗಳಿಗೆ ಬರುತ್ತೆ, ಗಾಳಿ ಬಡಿದು ತಣ್ಣಗಾಗಿ ವಾಪಸ್ ಹೋಗುತ್ತೆ. ಹೀಗೆ ಖಾಲಿ ಆಗಲೇಬಾರದು. ಕೆಳಗೆ ಏನಾದ್ರೂ ಬಿದ್ದಿತ್ತಾ?"

"ಒಂದು ತೊಟ್ಟೂ ಇಲ್ಲ."

"ಹಾಗಾದ್ರೆ ಒಳಗೇ ಕುಡೀತಿರ್ಬೇಕು." ಮೇಸ್ತ್ರಿ ಹಿಂದೆ ಹೋಗಿ ಹೊಗೆ ಮೂಸಿದ. "ಇಂಜಿನ್ ಕುಡಿದಿದ್ರೆ ಹೊಗೆ ಸಿಹಿ ಸಿಹಿ ಅನ್ನಬೇಕಿತ್ತು, ಈ ಕೂಲಂಟಿನ ಹಾಗೆ. ಅದೂ ಇಲ್ಲ. ಒಂದು ರಾತ್ರಿ ಇಲ್ಲೇ ಬಿಡಿ. ಬಿಸಿಯಲ್ಲಿ ರಬ್ಬರ್ ಹಿಗ್ಗಿ ಬಿಗಿಯಾಗಿ ಕೂತಿರುತ್ತೆ. ತಣ್ಣಗಾದಾಗ ಸಡಿಲ ಬಿಡುತ್ತೆ. ಕೆಲವು ಲೀಕು ಬೆಳಿಗ್ಗೇನೇ ಕಾಣೋದು."

ಕಾರಿಲ್ಲದಿದ್ದರೆ ಸಾಹೇಬ ಎಲ್ಲಿ ಮಲಗುತ್ತದೆ? ಈ ಚಳಿಯಲ್ಲಿ? ಹಾಗೆಂದು ಹೇಳಿಕೊಳ್ಳಲು ನಾಚಿಕೆಯಾಗಿ, "ಕೆಲಸ ಇದೆ, ಆಮೇಲೆ ನೋಡೋಣ" ಎಂದು ಇನ್ನೊಂದು ಡಬ್ಬಿ ಕೂಲಂಟ್ ಕೊಂಡು ಹೊರಟ.

ಆ ವಾರವೇ ಸಾಹೇಬ ಕುಡುಕನಂತೆ ತೂರಾಡತೊಡಗಿತು. ಬ್ರೆಡ್ ಮೂಸಿಯೂ ನೋಡಲಿಲ್ಲ. ಸಂಜೆ ಕನ್ನಡಕದವನು ಹೊರಬಂದಾಗ ಟೀಚರ್ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ಬಟ್ಟಲನ್ನು ಕೆಳಗೆ ತಳ್ಳುತ್ತಿದ್ದಳು. ಅವನನ್ನು ಕಂಡು ಬೆಚ್ಚಿದಳು.

"ಪಾಪ, ಎಷ್ಟು ಕುಡಿದ್ರೂ ದಾಹ ತೀರ್ತಿಲ್ಲ ಇದಕ್ಕೆ. ಡಾಕ್ಟರಿಗೆ ತೋರಿಸಿ."

ತೋರಿಸುವಷ್ಟರಲ್ಲಿ ಕಾಲ ಮೀರಿತ್ತು. ಪಶುವೈದ್ಯರ ಮೇಜಿನ ಮೇಲೆ ಸಾಹೇಬ ಅವನ ಅಂಗೈಗೆ ಮೂತಿಯಿಟ್ಟು ಪ್ರಾಣ ಬಿಟ್ಟಿತು.

"ವಿಷ," ಎಂದರು ವೈದ್ಯರು ಕೈ ತೊಳೆಯುತ್ತ. "ಕಿಡ್ನಿ ಪೂರ್ತಿ ಹೋಗಿದೆ. ಒಂದೇ ಸಲಕ್ಕೆ ಆಗಿದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗಿದೆ. ರುಚಿಯಾದದ್ದರಲ್ಲೇ ಇದ್ದಿರ್ಬೇಕು. ಕಹಿ ಆಗಿದ್ರೆ ನಾಯಿ ಮುಟ್ಟಲ್ಲ."

ಅವನಿಗೆ ಬಟ್ಟಲು ನೆನಪಾಯಿತು. ಬೆಚ್ಚಿಬಿದ್ದ ಆ ಮುಖವೂ.

ಮನೆಗೆ ಬಂದವನೇ ಮೆಟ್ಟಿಲು ಹತ್ತಿ ಬಾಗಿಲು ಬಡಿದ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಅವುಗಳ ಎದುರೇ, ಅವುಗಳನ್ನು ಕರೆದೊಯ್ಯಲು ಬಂದಿದ್ದ ಪಾಲಕರ ಎದುರೇ, ಬಾಯಿಗೆ ಬಂದದ್ದೆಲ್ಲ ಅಂದ. ವಿಷ ಹಾಕಿದವಳು ಅಂದ. ಇಂಥವಳ ಹತ್ತಿರ ಮಕ್ಕಳನ್ನು ಕಳಿಸುತ್ತೀರಲ್ಲ ಅಂದ.

"ಬರೀ ನೀರು ಇಟ್ಟಿದ್ದೆ," ಎಂದಳು ಅವಳು. "ನಿಮ್ಮನ್ನ ಮಾತಾಡಿಸೋದಕ್ಕೆ ನನಗಿದ್ದದ್ದೂ ಆ ನಾಯಿಯೊಂದೇ."

ಅವನಿಗೆ ಅದು ಕೇಳಿಸಿತು, ಆದರೆ ಮನಸ್ಸಿಗಿಳಿಯಲಿಲ್ಲ. ಪಾಲಕರು ಒಬ್ಬೊಬ್ಬರಾಗಿ ಮಕ್ಕಳ ಕೈಹಿಡಿದು ಇಳಿದುಹೋದರು. ಕೊನೆಗೆ ಬಾಗಿಲು ಮುಚ್ಚಿಕೊಂಡಿತು.

ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಒಂದು ಲಾರಿ ನಿಂತಿತ್ತು. ಟೀಚರಿನ ಕರಿಹಲಗೆ ಆಗಲೇ ಅದನ್ನೇರಿತ್ತು. ಅವಳು ಇತ್ತ ತಿರುಗಿಯೂ ನೋಡದೆ ಹತ್ತಿ ಕೂತಳು. ಹೋಗಲಿ, ಪೀಡೆ ತೊಲಗಿತು ಎಂದುಕೊಂಡ. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಬೀದಿ ಬಿಕೋ ಎಂದಿತು. ಅಭ್ಯಾಸಬಲದಿಂದ "ಎದ್ರಾ ಸಾಹೇಬ್ರೆ?" ಎಂದುಬಿಟ್ಟು, ಬಾನೆಟ್ ಎತ್ತಿದ. ನೀರು ಮತ್ತೆ ಇಳಿದಿತ್ತು. ಆ ವಿಷದ ಬಟ್ಟಲನ್ನಾದರೂ ಒಡೆದು ಹಾಕೋಣವೆಂದು ಬಗ್ಗಿದ. ಬಟ್ಟಲಲ್ಲಿ ತಳ ಕಾಣುವಷ್ಟು ತಿಳಿಯಾದ ನೀರಿತ್ತು.

ಅದರ ಪಕ್ಕದಲ್ಲಿ, ಸಾಹೇಬ ಮಲಗುತ್ತಿದ್ದ ಜಾಗದಲ್ಲಿ, ಅಂದು ನೆಕ್ಕುವವರು ಯಾರೂ ಇಲ್ಲದೆ, ಹಸಿರು ಕೂಲಂಟ್ ಅಂಗೈಯಗಲ ನಿಂತಿತ್ತು.