ಪೂಜೆಯಾದ ಗಾಡಿ

ಶೆಡ್ಡಿನ ಬಾಗಿಲಲ್ಲಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು. ಗಾಡಿ ಇರಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ವೆಲ್ಡಿಂಗ್ ಮಷೀನಿನ ಮೇಲಿನ ಹೂವು ತೆಗೆದು ಕೆಲಸ ಶುರು ಮಾಡೋಣವೆಂದು ಬಂದಿದ್ದ ಮರೆಪ್ಪ ಬೀದಿಯ ಎರಡೂ ಕಡೆ ನೋಡಿದ.

"ಜಯಸಿಂಹ ಸಾಹೇಬ್ರು ಆರಕ್ಕೇ ಟೆಂಪೋ ತಂದಿದ್ರು" ಎಂದ ಪಕ್ಕದ ಪಂಕ್ಚರ್ ಅಂಗಡಿಯ ಶೆಟ್ಟೆಪ್ಪ. "ಗಾಡಿ ನಿಂಬಿಹಣ್ಣಿನ ಮ್ಯಾಲಿಂದ ದಾಟಿಸಿ, ಟೆಂಪೋದಾಗ ಏರಿಸಿಕೊಂಡು ಹೋದ್ರು. ಮಗಳೂ ಇದ್ದಳು. ಠಾಣಾ ಊರಿನ ಆಚಿ ಯೇವೂರು ಗುಡ್ಡಕ್ಕಂತ. ಭಾಳ ಖುಷಿಯಾಗಿದ್ರಪ್ಪ, ನನಗೂ ಒಂದು ಪೇಡಾ ಕೊಟ್ರು."

ಪೇಡಾದ ಸುದ್ದಿ ಮರೆಪ್ಪನ ಕಿವಿಗೆ ಬೀಳಲಿಲ್ಲ. ಅವನಾಗಲೇ ಸಯನ್ ಸ್ಟೇಷನ್ನಿನತ್ತ ಓಡುತ್ತಿದ್ದ.

ಬಾಂದ್ರಾದ ಆಫೀಸೊಂದರಲ್ಲಿ ವಾರವಿಡೀ ಕಾಗದಕ್ಕೆ ಸಹಿ ಹಾಕುವ ಜಯಸಿಂಹರಿಗೆ, ಗುಡ್ಡ, ಹಳ್ಳ, ಕಲ್ಲುದಾರಿಯಲ್ಲಿ ಓಡಿಸಲು ಸ್ವಂತದ್ದೊಂದು ಬಗ್ಗಿ, ಬರೀ ಪೈಪಿನ ಚೌಕಟ್ಟಿನ ತೆರೆದ ಗಾಡಿ, ಕಟ್ಟಿಸಬೇಕೆಂಬ ಹುಚ್ಚು. ಹಳೆಯ ಫಿಯೆಟ್ಟಿನ ಇಂಜಿನ್, ಮಿಲಿಟರಿ ಜೀಪಿನ ಚಕ್ರ, ಕುರ್ಲಾ ಗುಜರಿಯ ಪೈಪು. ಎರಡು ವರ್ಷದ ಭಾನುವಾರಗಳೆಲ್ಲ ಆಂಟಾಪ್ ಹಿಲ್ಲಿನ ಮರೆಪ್ಪನ ಈ ಶೆಡ್ಡಿಗೇ ಸಂದಿದ್ದವು. ಇಬ್ಬರ ನಡುವೆ ಒಂದು ಕರಾರಿತ್ತು. ಪೈಪಿಗೆ ಪೈಪು ಆನಿಸಿ ಬೊಟ್ಟಿನಷ್ಟು ಬೆಸೆದು ನಿಲ್ಲಿಸಿದರೆ ಅದು ಬರೀ ಟಾಕಾ. ಅಲ್ಲಿ ಮರೆಪ್ಪ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆಯುತ್ತಿದ್ದ. ಪೂರ್ತಿ ವೆಲ್ಡಿಂಗ್ ಆದ ಮೇಲಷ್ಟೇ ಅದನ್ನು ಅಳಿಸುತ್ತಿದ್ದ. ಒಂದೂ ಸುಣ್ಣದ ಗುರುತಿಲ್ಲವೆಂದರೆ ಗಾಡಿ ತಯಾರು.

ನಿನ್ನೆ ಆಯುಧಪೂಜೆ. ಶೆಡ್ಡಿನಲ್ಲಿರುವ ಕಬ್ಬಿಣಕ್ಕೆಲ್ಲ ಪೂಜೆಯಾಗಬೇಕು, ಸುತ್ತಿಗೆಗೂ ಗಾಡಿಗೂ. ಭಕ್ತಿ ಉಕ್ಕಿ ಬಂದ ಮರೆಪ್ಪ ಗಾಡಿಯನ್ನು ಒದ್ದೆ ಬಟ್ಟೆಯಲ್ಲಿ ಫಳಫಳ ಒರೆಸಿದ್ದ. ಸೀಟಿನ ಮೇಲಿನ ಪೈಪುಗಳಲ್ಲಿ ಇನ್ನೂ ಬರೀ ಟಾಕಾ ಆಗಿದ್ದ ಆರು ಕೀಲುಗಳ ಸುಣ್ಣವೂ ಬಟ್ಟೆಯ ಜೊತೆ ಹೋಗಿತ್ತು. ಆಮೇಲೆ ಕೀಲುಕೀಲಿಗೂ ಅರಿಸಿನ ಕುಂಕುಮ ಮೆತ್ತಿ, ಚೆಂಡುಹೂವಿನ ಸರ ಸುತ್ತಿ, ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿದಿದ್ದ. ಸೀಟಿನ ಬೆಲ್ಟು ಬಿಗಿದಿದ್ದದ್ದು ಅವೇ ಪೈಪುಗಳಿಗೆ. ಗಾಡಿ ಮಗುಚಿದರೆ ತಲೆ ಕಾಯಬೇಕಾದವೂ ಅವೇ.

ಲೋಕಲ್ ಟ್ರೇನಿನಲ್ಲಿ ಜಾಗವಿದ್ದರೂ ಅವನು ಕೂರಲಿಲ್ಲ. ಸಾಹೇಬರ ಫೋನು ಸಿಗುತ್ತಿರಲಿಲ್ಲ. ಡಬ್ಬಿಯ ತುಂಬ ಹಬ್ಬ. ಯಾರೋ "ಸೋನಂ ಘ್ಯಾ" ಎಂದು ನಗುತ್ತ ದಸರೆಯ ಬಂಗಾರದ ಎಲೆಯೊಂದನ್ನು ಅವನ ಕೈಗೆ ತುರುಕಿದರು. ಅದನ್ನು ಎಲ್ಲಿ ಬೀಳಿಸಿದನೋ ಅವನಿಗೇ ತಿಳಿಯದು. ಒಂದು ದೊಡ್ಡ ಕಲ್ಲಿಗೆ ಚಕ್ರ ಹಾರಿದರೆ ಸಾಕು. ಜಯಸಿಂಹರ ಮಗಳು ಪ್ರಫುಲ್ಲಾಗೆ ಇನ್ನೂ ಹನ್ನೊಂದು ವರ್ಷ. ಮುಲುಂಡ್ ದಾಟುವಾಗ ಇನ್ನೊಂದು ಭಯ ಒಳಗೆ ನುಸುಳಿತು: ಈ ವಿಷಯ ಹೊರಗೆ ಬಂದರೆ ತನ್ನ ಕೈಗೆ ಇನ್ನೊಬ್ಬ ಗಿರಾಕಿ ಗಾಡಿ ಕೊಡುತ್ತಾನೆಯೇ? ಇಂಥ ಹೊತ್ತಿನಲ್ಲೂ ಅದನ್ನೇ ಯೋಚಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ಭಯ ಹೋಗಲಿಲ್ಲ.

ರಿಕ್ಷಾ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು. ಧೂಳೆಬ್ಬಿಸುತ್ತ ಇಳಿದು ಬಂದ ಗಾಡಿ ಅವನೆದುರು ನಿಂತಿತು.

"ಬಾ ಮರೆಪ್ಪ! ಒಳ್ಳೇ ಹೊತ್ತಿಗೆ ಬಂದೆ. ಎರಡು ರೌಂಡ್ ಆಯ್ತು. ಏನು ಗಾಡಿ ಮಾಡಿದೀಯಾ ಕಣಯ್ಯಾ!" ಜಯಸಿಂಹರ ಮೀಸೆಯೆಲ್ಲ ಮಣ್ಣು.

ಮರೆಪ್ಪ ಅವರ ಮುಖ ನೋಡಲಿಲ್ಲ, ಹುಡುಗಿಯ ತಲೆಯ ಮೇಲಿನ ಪೈಪನ್ನು ನೋಡಿದ. ಕುಂಕುಮದ ನಡುವೆ ಕೂದಲೆಳೆಯಷ್ಟು ಬಿರುಕು. ಇಂಜಿನ್ನಿನ ನಡುಕಕ್ಕೆ ಅದು ಬಾಯಿ ತೆರೆದು ಮುಚ್ಚುತ್ತಿತ್ತು. ಅವನು ಎರಡೂ ಕೈಯಲ್ಲಿ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇಂಜಿನ್ ಕಾದದ್ರಿ ಸಾಹೇಬ್ರ. ಇವತ್ತಿಗಿ ಸಾಕ್ ಬಿಡ್ರಿ." ಸುಳ್ಳು ಸಲೀಸಾಗಿ ಬಂತು. ಶೆಡ್ಡಿಗೆ ಒಯ್ದರೆ ಒಂದು ತಾಸಿನ ಕೆಲಸ, ನರಪಿಳ್ಳೆಗೂ ಗೊತ್ತಾಗುವುದಿಲ್ಲ.

"ಎಲ್ಲಿ ಕಾದಿದೆ? ಮೀಟರ್ ನೋಡು, ತಣ್ಣಗಿದೆ. ಕೈ ತೆಗಿ, ಇನ್ನೊಂದು ರೌಂಡ್ ಹೊಡ್ಕೊಂಡು ಬರ್ತೀವಿ."

"ಹಾಂ ಪಪ್ಪಾ, ಏಕ್ ಔರ್!" ಎಂದಳು ಪ್ರಫುಲ್ಲಾ. "ಮರೆಪ್ಪ ಅಂಕಲ್, ಹಟೋ ನಾ!"

ಜಯಸಿಂಹರು ಗೇರ್ ಹಾಕಿದರು. ಗಾಡಿ ಸರಿಯಿತು. ಮರೆಪ್ಪ ಪೈಪಿನ ಜೊತೆಗೇ ಎರಡು ಹೆಜ್ಜೆ ಎಳೆಸಿಕೊಂಡು ಹೋದ, ಬಿಡಲಿಲ್ಲ.

"ಸುಳ್ಳು ಹೇಳ್ದೆರಿ!" ಎಂದು ಕಿರುಚಿದ. "ಇದು ಬರೇ ಟಾಕಾ ರೀ! ಆರಕ್ಕಾರೂ ಟಾಕಾ! ಪೂಜಿ ಮಾಡ್ಲಕ್ಕ ಹೋಗಿ ಸುಣ್ಣದ ಗುರ್ತು ನಾನೇ ಒರಸೀನ್ರಿ. ಇದೊಂದು ಆಗ್ಲೇ ಬಿಟ್ಟದ!"

ಜಯಸಿಂಹರು ಇಂಜಿನ್ ಆರಿಸಿದರು. ಮಗಳ ತಲೆಯನ್ನೊಮ್ಮೆ, ಇಳಿದು ಬಂದ ಕಲ್ಲುದಾರಿಯನ್ನೊಮ್ಮೆ ನೋಡಿದರು. ಕೆಳಗಿಳಿದು, ಸುತ್ತಿ ಬಂದು, ಮರೆಪ್ಪನ ಎದುರು ನಿಂತರು. ಹೊಡೆಯಲು ಬಲಗೈ ಎತ್ತಿದರು.

"ಕೈ ತೆಗಿ" ಎಂದರು, ಹಲ್ಲು ಕಚ್ಚಿ.

"ಹೊಡೀರಿ ಸಾಹೇಬ್ರ, ನಿಂತ ಹೊಡಿಸ್ಕೋತೀನಿ" ಎಂದ ಮರೆಪ್ಪ, ಪೈಪು ಹಿಡಿದೇ. "ಆದ್ರ ಮೊದಲ ಕೂಸಿಗಿ ಇಳಸ್ರಿ. ಆಮ್ಯಾಲೆ ಕೈ ತೆಗೀತೀನಿ."