ಅಂಗೈಯ ಎಣ್ಣೆ

ಅಂಗೈಗೆ ಎಣ್ಣೆ ಸುರಿದುಕೊಂಡು ಬ್ರಾಹ್ಮಿ ಇನ್ನೇನು ಅಕ್ಕ ರತ್ನಮಾಲಾಳ ತಲೆಗೆ ಹಚ್ಚಬೇಕು, ಅವಳು ತಂಗಿಯ ಮಣಿಕಟ್ಟು ಹಿಡಿದಳು. "ಎಣ್ಣಿ ಬ್ಯಾಡ. ಕೀಳೂ ಮುಂದ ಕೂದಲಾ ಜಾರತಾವ."

ಅಕ್ಕ ಮದುಮಗಳ ಹಾಗೆ ಸಿಂಗರಿಸಿಕೊಂಡು ಕೂತಿದ್ದಳು. ಮೆರವಣಿಗೆ ಮುಗಿದರೆ ಬಸದಿಯಲ್ಲಿ ಅವಳ ಸನ್ಯಾಸ ದೀಕ್ಷೆ. ಈ ಕೂದಲನ್ನೆಲ್ಲ ಎಲ್ಲರೆದುರು ಕೈಯಿಂದಲೇ ಕಿತ್ತು ತೆಗೆಯುತ್ತಾರೆ. ಬ್ಯೂಟಿಷಿಯನ್ ಕೋರ್ಸಿನ ಒಂದೊಂದು ಜಡೆಯನ್ನೂ ಬ್ರಾಹ್ಮಿ ಕಲಿತದ್ದು ಈ ತಲೆಯ ಮೇಲೆಯೇ.

"ಖಾಸಬಾಗದಾಗ ಪಾರ್ಲರ್ ತೆಗದ್ರ ಮೊದಲನೇ ಗಿರಾಕಿ ನಾನ ಅಂದಿದ್ದಿ," ಎಂದಳು ಬ್ರಾಹ್ಮಿ.

"ಅಂದಿದ್ನೆವ್ವಾ." ಅಕ್ಕ ಕನ್ನಡಿಯಲ್ಲೇ ನಕ್ಕಳು. "ಸಂಜಿಂದ ನನಗ ಅಕ್ಕಾ ಅನ್ನಾಕ ಬರಂಗಿಲ್ಲ. ಮಾತಾಜಿ ಅನಬೇಕು."

ಹೊರಗೆ ಬ್ಯಾಂಡು ಶುರುವಾಯಿತು. ಎಣ್ಣೆ ಬೆರಳ ಸಂದಿಯಿಂದ ಸೋರತೊಡಗಿತ್ತು. ಬ್ರಾಹ್ಮಿ ಅದನ್ನು ತನ್ನ ತಲೆಗೇ ತಿಕ್ಕಿಕೊಂಡಳು.